ಹಳದಿ ದಾರದ ಕಿಟಕಿ

ನಮ್ಮ ಪಡಸಾಲೆಯ ಕಿಟಕಿಯಿಂದ ಗಾಳಿ ಒಳಗೆ ಬರುತ್ತಿರಲಿಲ್ಲ. ರಾಯಚೂರಿನ ಬಿಸಿಲಿನಲ್ಲಿ, ಕೋಟೆ ಗೋಡೆಯ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ, ಇದ್ದ ಒಂದೇ ಕಿಟಕಿಗೆ ಗಾಳಿ ಬಾರದಿದ್ದರೆ ಏನಾಗುತ್ತದೆ ಎಂಬುದು ಅಲ್ಲಿ ಬಾಳಿದವರಿಗೇ ಗೊತ್ತು. ಕಿಟಕಿ ಸಣ್ಣದೇನಲ್ಲ. ಏಳು ಕಬ್ಬಿಣದ ಸರಳು, ಎರಡು ತೇಗದ ಬಾಗಿಲು, ಎರಡೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ಆದರೆ ಸರಳುಗಳಿಗೆ ಮೇಲಿನಿಂದ ಕೆಳಗಿನ ತನಕ ಹಳದಿ ದಾರ ಕಟ್ಟಿತ್ತು. ಹಳೆಯ ದಾರ ಬಣ್ಣ ಬಿಟ್ಟು ಬೂದುಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ಸರಳುಗಳು ಊದಿಕೊಂಡು ಒಂದಕ್ಕೊಂದು ತಾಗುವಂತಾಗಿದ್ದವು. ಅವ್ವ ಅಡುಗೆಮನೆಯಿಂದ ಬೆವರು ಒರೆಸಿಕೊಳ್ಳುತ್ತ ಬಂದು ಅದರ ಎದುರು ನಿಂತು ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದಳು.

"ಎರಡು ಸರಳರೆ ಖಾಲಿ ಮಾಡ್ರಿ ಅತ್ತಿ. ಕುದ್ದು ಸಾಯಾಕತ್ತೀವಿ."

"ಒಂದೊಂದು ದಾರ ಒಂದೊಂದು ಜೀವ ಅದ ಬೇ. ಯಾವ ಜೀವ ಬಿಚ್ಚಲಿ, ನೀನಽ ಹೇಳು."

ಇದನ್ನು ಹೇಳುತ್ತಿದ್ದವಳು ಆಯಿ, ಅಂದರೆ ಅಪ್ಪನ ತಾಯಿ, ಯಂಕಮ್ಮ. ದೇವದುರ್ಗದ ಕಡೆಯ ಕುರಿ ಕಾಯುವ ಮನೆತನದವಳು. ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ಆ ಕಾಮಣಿಗೆ ಔಷಧ ಕೊಡುವುದು ಆಯಿಗೆ ತನ್ನ ಅತ್ತೆಯಿಂದ ಬಂದ ವಿದ್ಯೆ. ಐತ್ವಾರ, ಅಂದರೆ ಭಾನುವಾರ, ಸೂರ್ಯ ಏಳುವ ಹೊತ್ತಿಗೆ ನಮ್ಮ ಬಾಗಿಲ ಮುಂದೆ ಮಂದಿ ಕೂತಿರುತ್ತಿದ್ದರು. ಗುಂಜಹಳ್ಳಿ, ಯಾಪಲದಿನ್ನಿಯಿಂದ ಬಂದ ಹೊಲದ ಮಂದಿ, ಬಜಾರಿನ ಸಾಬರು, ಶಕ್ತಿನಗರದಿಂದ ಜೀಪಿನಲ್ಲಿ ಬಂದ ಇಂಜಿನಿಯರು. ಆ ಇಂಜಿನಿಯರ ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನ ತನಕ ಏರಿಸಿ, ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ, ನಮ್ಮ ಆಯಿಯ ಎದುರು ಮಗುವಿನಂತೆ ಕಣ್ಣು ಅಗಲಿಸಿ ಕೂರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಓದಿಲ್ಲದವರು ಮಾತ್ರ ಇಂಥದ್ದಕ್ಕೆ ಮರುಳಾಗುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಆ ಪ್ಯಾಂಟು ನೆನಪಾಗಿ ನಗು ಬರುತ್ತದೆ.

ಔಷಧ ಕೊಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಆಯಿ ರೋಗಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದಳು. ಆಮೇಲೆ ಅವರ ಎರಡೂ ಅಂಗೈಗೆ ಯಾವುದೋ ಮರದ ತೊಗಟೆಯ ರಸ ಹಚ್ಚಿ, ಬಿಳಿ ಪಿಂಗಾಣಿ ಬೋಗುಣಿಯಲ್ಲಿ ಸುಣ್ಣದ ತಿಳಿನೀರು ತುಂಬಿಸಿ, ಅದರಲ್ಲಿ ಕೈ ಅದ್ದಿಸಿ ತಿಕ್ಕುತ್ತಿದ್ದಳು. ನೋಡನೋಡುತ್ತಿದ್ದಂತೆ ನೀರು ಹಳದಿಯಾಗುತ್ತಿತ್ತು. "ನೋಡು, ಹೆಂಗ ಇಳಿಯಾಕತ್ತದ" ಎಂದು ಆಯಿ ಹೇಳಿದಾಗ ಸುತ್ತ ಕೂತವರ ಎದೆಯಿಂದ ಒಂದು ಉಸಿರು ಹೊರಬರುತ್ತಿತ್ತು. ಕಣ್ಣಿಗೆ ಕಂಡ ಮೇಲೆ ಇನ್ನೇನು ಬೇಕು ಹೇಳಿ! ಆಮೇಲೆ ಆಡಿನ ಹಾಲಿನಲ್ಲಿ ಅರೆದ ಸೊಪ್ಪಿನ ಔಷಧ, ಬಲಗೈಗೆ ಹಳದಿ ದಾರ. ಕಾಮಣಿ ಇಳಿದ ಮೇಲೆ ಬಂದು ದಾರ ಬಿಚ್ಚಿಸಿಕೊಂಡು ಹೋಗಬೇಕು. ಬಿಚ್ಚಿದ ದಾರವನ್ನು ಕಿಟಕಿಗೆ ಕಟ್ಟುವುದು ನನ್ನ ಕೆಲಸ. ಹತ್ತು ವರ್ಷದ ನನಗೆ ಅದಕ್ಕಿಂತ ದೊಡ್ಡ ಪದವಿ ಲೋಕದಲ್ಲಿ ಬೇರೆ ಇರಲಿಲ್ಲ.

ಔಷಧಕ್ಕಿಂತ ಮಾತೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಆಯಿ ದುಡ್ಡು ಮುಟ್ಟುತ್ತಿರಲಿಲ್ಲ, ಅವಸರವನ್ನಂತೂ ಮಾಡುತ್ತಲೇ ಇರಲಿಲ್ಲ. ಬಂದವರಿಗೆ ಮೊದಲು ಅಂಬಲಿ. ಆಮೇಲೆ ಶುರುವಾಗುತ್ತಿತ್ತು ಅವಳ ವಿಚಾರಣೆ.

"ಯಾವೂರವ್ವ? ಕುರಿ ಎಷ್ಟು ಈದಾವ ಈ ಸಲ? ನಿಮ್ಮತ್ತಿ ಮಾತಾಡಸ್ತಾಳೋ, ಮಾರಿ ತಿರುವ್ತಾಳೋ? ಯಾಕವ್ವ ಕಣ್ಣಾಗ ನೀರು? ಕುಂದುರು, ಇನ್ನೊಂದೀಟು ಅಂಬಲಿ ಹಾಕ್ತೀನಿ."

ಆ ವಿಚಾರಣೆಗೆ ಮಂದಿ ಕರಗಿಹೋಗುತ್ತಿದ್ದರು. ಗಂಡನ ಮುಂದೆ ಹೇಳದ್ದನ್ನು ನಮ್ಮ ಪಡಸಾಲೆಯಲ್ಲಿ ಹೇಳಿ ಅಳುತ್ತಿದ್ದರು. ಪಥ್ಯ ಹೇಳುವಾಗ ಮಾತ್ರ ಆಯಿಯ ದನಿ ಗಟ್ಟಿಯಾಗುತ್ತಿತ್ತು. ಎಣ್ಣೆ ಇಲ್ಲ, ಖಾರ ಇಲ್ಲ, ಮಾಂಸ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಸೂಜಿ ಇಲ್ಲ. "ದವಾಖಾನಿಗಿ ಹೋಗಿ ಸೂಜಿ ಮಾಡಿಸಿದ್ರಿ ಅಂದ್ರ ನನ್ನ ಔಷಧ ಹಿಡಿಯಂಗಿಲ್ಲ, ದಾರ ನೀವಽ ಬಿಚ್ಚಿ ಒಗೀರಿ" ಎನ್ನುತ್ತಿದ್ದಳು.

ಈ ಸೂಜಿಯ ಮೇಲಿನ ಸಿಟ್ಟು ಎಲ್ಲಿಂದ ಬಂತು ಎಂದು ನಾನೊಮ್ಮೆ ಕೇಳಿದೆ. ಆಯಿ ಆಡಿನ ಮುಂದೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸದೆಯೇ ಹೇಳಿದಳು. ಅಪ್ಪನಿಗಿಂತ ಮೊದಲು ಅವಳಿಗೊಬ್ಬ ಮಗಳಿದ್ದಳಂತೆ. ಜ್ವರ ಬಂದು ಮಗು ಎಚ್ಚರ ತಪ್ಪಿದಾಗ ಹೊತ್ತುಕೊಂಡು ಯಾವುದೋ ಊರಿನ ದವಾಖಾನೆಗೆ ಹೋದಳು. ಕುರಿ ವಾಸನೆಯ ಕಂಬಳಿ ಹೊದ್ದಿದ್ದವಳನ್ನು ಅಲ್ಲಿಯವರು ಹೊರಗೆ ನಿಲ್ಲಿಸಿದರು. ಮುಂಜಾನೆಯಿಂದ ನಿಂತಳು. ಕೂರಲು ಹೋದರೆ ಗದರಿದರು. ಮಧ್ಯಾಹ್ನ ಯಾರೋ ಬಂದು ಮಗುವನ್ನು ಒಳಗೆ ಒಯ್ದು ಸೂಜಿ ಮಾಡಿದರು. ಆಮೇಲೆ ಯಾರೂ ಬಂದು ಏನೂ ಹೇಳಲಿಲ್ಲ.

"ಸಂಜಿಗಿ ಒಬ್ಬಾಕಿ ಕಸ ಹೊಡೆಯಾಕಿ ಬಂದು, 'ಯವ್ವಾ, ನಿನ್ನ ಕೂಸು ಹೋಗಿ ಭಾಳ ಹೊತ್ತಾತು, ಒಯ್ಯಂಗಿಲ್ಲೇನು' ಅಂದಳು. ಅಲ್ಲೀತನಾ ನಾನು ನಿಂತಽ ಇದ್ದೆ ನಾಗಿ. ಒಂದು ಮಾತು ಹೇಳಬಾರದಾ ಅವರು?"

ಮಗು ಸತ್ತದ್ದು ಜ್ವರದಿಂದಲೇ ಇರಬೇಕು, ಸೂಜಿಯಿಂದಲ್ಲ. ಇವತ್ತು ನನಗೆ ಅದು ಗೊತ್ತು. ಮೂವತ್ತು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ನೋಡಿ ನಿವೃತ್ತಳಾದವಳು ನಾನು. ಬಹಳಷ್ಟು ಕಾಮಣಿ ಯಾವ ಔಷಧವೂ ಇಲ್ಲದೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದೂ ಗೊತ್ತು. ಇಳಿದವರು ಕಾಯಿ ಹಿಡಿದು ದಾರ ಬಿಚ್ಚಿಸಲು ಬರುತ್ತಿದ್ದರು. ಇಳಿಯದವರು ಬರುತ್ತಿರಲಿಲ್ಲ. ಬಾರದವರ ದಾರ ಕಟ್ಟಲು ನಮ್ಮ ಮನೆಯಲ್ಲಿ ಕಿಟಕಿ ಇರಲಿಲ್ಲ. ಇಷ್ಟೇ ಸರಳ ಲೆಕ್ಕ. ಆದರೆ ಅದನ್ನು ಮಾಡಲು ಆಯಿಗೆ ಯಾರೂ ಕಲಿಸಿರಲಿಲ್ಲ, ಅವಳಿಗೆ ಕಲಿಸಬಹುದಾಗಿದ್ದವರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಈಗ ನನ್ನ ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರೇ ಮೊಬೈಲಿಗೆ ವಿಡಿಯೊ ಕಳಿಸುತ್ತಾರೆ, ಈ ಸೊಪ್ಪಿನ ರಸ ಕುಡಿದರೆ ಯಕೃತ್ತು ಹೊಸದಾಗುತ್ತದೆ, ಡಾಕ್ಟರುಗಳು ಮುಚ್ಚಿಟ್ಟಿದ್ದಾರೆ ಎಂದು. ಮೈ ಉರಿಯುತ್ತದೆ. ಬೈದು ಬರೆಯಲು ಹೋಗುತ್ತೇನೆ. ಆಮೇಲೆ ಈ ಮನುಷ್ಯನನ್ನು ಯಾರು ಎಲ್ಲಿ ನಿಲ್ಲಿಸಿದ್ದರೋ ಎಂದುಕೊಂಡು ಸುಮ್ಮನಾಗುತ್ತೇನೆ. ಎಲ್ಲ ಸಲವೂ ಅಲ್ಲ, ಕೆಲವು ಸಲ ಚೆನ್ನಾಗಿಯೇ ಬೈಯುತ್ತೇನೆ.

ಅಪ್ಪನ ವಿಷಯ ಹೇಳಬೇಕು. ಅಪ್ಪ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೀಟರು ನೋಡುವ ಕೆಲಸಗಾರ. ಪಾಳಿ ಮುಗಿಸಿ ಬಂದು ಊಟಕ್ಕೆ ಕೂತರೆ ಹಬೆಯ ಒತ್ತಡ, ಮುಳ್ಳು, ಕೆಂಪು ಗೆರೆ ಇವುಗಳದ್ದೇ ಮಾತು. ರೊಟ್ಟಿ ಮುರಿಯುತ್ತ ನನಗೆ ಪಾಠ ಹೇಳುತ್ತಿದ್ದ.

"ಮೀಟರ್ ಏನು ತೋರಸ್ತದ ಅಂತ ನೋಡೋದಕ್ಕಿಂತ ಮೊದಲು ಸೊನ್ನಿ ನೋಡಬೇಕು ನಾಗಿ. ಒತ್ತಡ ಇರಲಾರದಾಗ ಮುಳ್ಳು ಸೊನ್ನಿಗಿ ಬಂದು ಕುಂದ್ರಬೇಕು. ಒತ್ತಡಽ ಇಲ್ಲ, ಆದ್ರೂ ಮುಳ್ಳು ಎದ್ದು ನಿಂತದ ಅಂದ್ರ ಆ ಮೀಟರ್ ಹಾಳಾಗ್ಯಾದ ಅಂತ ತಿಳಕೋ."

ಇಂಥ ಮನುಷ್ಯ ಐತ್ವಾರ ಮುಂಜಾನೆ ತನ್ನ ತಾಯಿಯ ಬೋಗುಣಿಗೆ ನೀರು ತಂದು ಸುರಿಯುತ್ತಿದ್ದ. ಅದರಲ್ಲಿ ಅವನಿಗೆ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ಮೀಟರು ಸ್ಥಾವರದ್ದು, ಬೋಗುಣಿ ಮನೆಯದ್ದು. ಒಂದನ್ನು ಇನ್ನೊಂದಕ್ಕೆ ತಾಗಿಸುವ ಯೋಚನೆ ಅವನಿಗೆ ಬಂದೇ ಇರಲಿಲ್ಲ.

ನನಗೆ ಬಂತು ಎಂದು ಜಂಬ ಕೊಚ್ಚಿಕೊಳ್ಳಲಾರೆ. ಆದದ್ದು ಬೇರೆ. ಒಂದು ಐತ್ವಾರ ಮಂದಿ ಎಲ್ಲ ಹೋದ ಮೇಲೆ ಬಟ್ಟಲಿನಲ್ಲಿ ತೊಗಟೆಯ ರಸ ಉಳಿದಿತ್ತು, ತಂಬಿಗೆಯಲ್ಲಿ ಸುಣ್ಣದ ತಿಳಿ ಉಳಿದಿತ್ತು. ಆಯಿಯ ಆಟ ಆಡೋಣವೆಂದು ನಾನು ಅಂಗೈಗೆ ರಸ ಹಚ್ಚಿಕೊಂಡು ಬೋಗುಣಿಯಲ್ಲಿ ಅದ್ದಿದೆ. ನೀರು ಹಳದಿಯಾಯಿತು. ನನ್ನ ಜೀವವೇ ಹಾರಿಹೋಯಿತು. ಅಯ್ಯೋ, ನನಗೆ ಕಾಮಣಿ! ಮೂರು ದಿನ ಎಣ್ಣೆ ಮುಟ್ಟಲಿಲ್ಲ, ಕನ್ನಡಿ ಮುಂದೆ ಕಣ್ಣುಗುಡ್ಡೆ ಹೊರಳಿಸುತ್ತ ನಿಂತೆ. ಕೊನೆಗೆ ತಡೆಯಲಾರದೆ ಅವ್ವನ ಮುಂದೆ ಅತ್ತುಬಿಟ್ಟೆ. ಅವ್ವ ನನ್ನ ರೆಪ್ಪೆ ಎಳೆದು ನೋಡಿದಳು.

"ಬೆಳ್ಳಗಽ ಅದಾವಲ್ಲೇ ಹುಚ್ಚಿ! ಏನೂ ಆಗಿಲ್ಲ ನಿನಗ."

"ಮತ್ತ ನೀರು ಹಳದಿ ಆತಲ್ಲ?"

ಅವ್ವ ನಗುತ್ತಿದ್ದವಳು ನಗು ನಿಲ್ಲಿಸಿದಳು. ಒಮ್ಮೆ ಪಡಸಾಲೆಯ ಕಡೆ ನೋಡಿದಳು. ಆಮೇಲೆ ನನ್ನ ಬಾಯಿಯ ಮೇಲೆ ಕೈ ಇಟ್ಟು, "ಆಯಿ ಮುಂದ ಈ ಮಾತು ತೆಗಿಬ್ಯಾಡ" ಎಂದಳು. ಆ ಮಾತು ಅಲ್ಲಿಗೆ ಮುಗಿಯಿತು.

ಅವ್ವನ ಹೆಸರು ಶರಣಮ್ಮ, ಮಾನ್ವಿಯ ಕಡೆಯಿಂದ ಈ ಮನೆಗೆ ಬಂದವಳು. ನನ್ನ ನಂತರ ಎಷ್ಟೋ ವರ್ಷ ಅವಳಿಗೆ ಮಕ್ಕಳಾಗಿರಲಿಲ್ಲ. ಕೊನೆಗೊಮ್ಮೆ ಬಸುರಾಗಿ ಏಳನೆಯ ತಿಂಗಳು ನಡೆಯುತ್ತಿತ್ತು. ಕುಬಸದ, ಅಂದರೆ ಸೀಮಂತದ, ಹಸಿರು ಸೀರೆ ಬಂದಿತ್ತು. ಆಗ ಅವಳ ಕಣ್ಣು ಹಳದಿಯಾದವು. ಮೊದಲು ಕಂಡವಳು ಆಯಿ. ಅವಳಿಗೆ ಗಾಬರಿಯೇನೂ ಆಗಲಿಲ್ಲ, ಬದಲಿಗೆ ಒಂದು ಹುರುಪೇ ಬಂತು. ಊರ ಮಂದಿಗೆಲ್ಲ ಇಳಿಸಿದವಳಿಗೆ ಮನೆಯ ಸೊಸೆಗೆ ಇಳಿಸುವುದು ದೊಡ್ಡದೇ? ಐತ್ವಾರ ಅವ್ವ ಎಲ್ಲರೊಡನೆ ಕಂಬಳಿಯ ಮೇಲೆ ಕೂತಳು. ಕೈಗೆ ರಸ ಹಚ್ಚಿಸಿಕೊಂಡಳು, ಬೋಗುಣಿಯಲ್ಲಿ ಅದ್ದಿದಳು. ನೀರು ಹಳದಿಯಾಯಿತು. ನಾನು ಅವ್ವನ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಔಷಧ ಕುಡಿದಳು, ದಾರ ಕಟ್ಟಿಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ನಾನು ಕೇಳಿದೆ, ಗೊತ್ತಿದ್ದೂ ಯಾಕೆ ಕುಡಿದೆ ಎಂದು. "ಬೋಗುಣಿ ಸುಳ್ಳಿರಬಹುದು, ಔಷಧ ಖರೇ ಇರಬಹುದಲ್ಲ ಅಂದ್ಕೊಂಡೆ" ಎಂದಳು. "ಕುಡಿಯಂಗಿಲ್ಲ ಅಂದಿದ್ರ ಆ ಮನ್ಯಾಗ ನಾನು ಎಲ್ಲಿ ಕುಂದ್ರಬೇಕಿತ್ತು?" ಎಂದೂ ಹೇಳಿದಳು.

ಎರಡನೆಯ ಐತ್ವಾರವೂ ಕುಡಿದಳು. ಹಳದಿ ಇಳಿಯಲಿಲ್ಲ, ಮೈಗೆಲ್ಲ ಏರಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಬುಧವಾರ ಮುಂಜಾನೆ ನಾನು ಎದ್ದು ಅಡುಗೆಮನೆಗೆ ಹೋದರೆ ಅವ್ವ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಗಂಟು ಕಟ್ಟಿದ ಬಟ್ಟೆ.

"ಮಾನ್ವಿ ಬಸ್ಸು ಬಂತೇನು?" ಎಂದು ನನ್ನನ್ನು ಕೇಳಿದಳು.

"ಅವ್ವಾ, ನಾನು ನಾಗಿ."

"ಯಾರ ಪೈಕಿ ಆಗ್ತೀಯವ್ವ ನೀನು?"

ನಾನು ಕಿರುಚಿಕೊಂಡು ಓಡಿದೆ. ಓಣಿಯ ಬಾಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಮಹಬೂಬಿ ಖಾಲಾ ಬಂದಳು. ನಮ್ಮ ಮನೆಗೆ ಹಳದಿ ದಾರದ ಉಂಡೆ ಬರುತ್ತಿದ್ದದ್ದೇ ಅವಳ ಅಂಗಡಿಯಿಂದ. ಅವ್ವನ ಮುಖ ನೋಡಿದವಳೇ ಅವಳು ಎದೆ ಬಡಿದುಕೊಂಡಳು. ಅಷ್ಟರಲ್ಲಿ ಅಪ್ಪ ಪಾಳಿ ಮುಗಿಸಿ ಸೈಕಲ್ ಒಳಗೆ ತಂದ.

"ಯಾ ಅಲ್ಲಾ! ಏನ್ ನೋಡ್ತಾ ನಿಂತೀ ಭೈಯ್ಯಾ? ದವಾಖಾನಿಗಿ ಒಯ್ಯಿ ಜಲ್ದಿ. ಹೊಟ್ಟ್ಯಾಗ ಕೂಸದ."

ಅಪ್ಪ ಆಯಿಯ ಕಡೆ ನೋಡಿದ. ಆಯಿ ಆಗಲೇ ಬೋಗುಣಿ ತಂದು ಅವ್ವನ ಮುಂದೆ ಇಟ್ಟಿದ್ದಳು. ತೊಗಟೆಯ ರಸದ ಬಟ್ಟಲು ಅವಳ ಕೈಯಲ್ಲಿತ್ತು.

"ಇನ್ನೊಂದು ಸಲ ಇಳಸ್ತೀನಿ, ತಡಿರಿ. ದವಾಖಾನ್ಯಾಗ ಸೂಜಿ ಚುಚ್ಚಿದ್ರ ಎರಡೂ ಜೀವ ಹೋಗ್ತಾವ. ನನ್ನ ಮಗಳಿಗಿ ಏನ್ ಮಾಡಿದ್ರು ನಿನಗ ಗೊತ್ತಿಲ್ಲೇನೋ?"

"ಯವ್ವಾ, ಆಕಿಗಿ ಮಾತಽ ತಿಳಿಯವಲ್ದು..."

"ಕಣ್ಣೀಲೆ ನೋಡಿಯಲ್ಲ, ಎರಡು ಐತ್ವಾರ ಎಷ್ಟು ಹಳದಿ ಇಳೀತು ಅಂತ! ಇನ್ನೀಟು ಉಳಿದದ, ಅದೂ ಇಳಿತದ."

ಅಪ್ಪನಿಗೆ ಹೆಂಡತಿ ಬೇಕಾಗಿದ್ದಳು, ತಾಯಿಯೂ ಬೇಕಾಗಿದ್ದಳು. ಖಾಲಾ ಬೈಯುತ್ತಿದ್ದಳು. ಅವ್ವ ಗಂಟನ್ನು ಎದೆಗೆ ಅವಚಿಕೊಂಡು ಬಸ್ಸಿನ ದಾರಿ ಕಾಯುತ್ತಿದ್ದಳು. ನನಗೆ ಆಗ ಧೈರ್ಯ ಬಂತು ಎನ್ನುವುದು ಸುಳ್ಳು, ಬಂದದ್ದು ಸಿಟ್ಟು. ಆಯಿಯ ಕೈಯಿಂದ ಬಟ್ಟಲು ಕಿತ್ತುಕೊಂಡೆ, ನನ್ನ ಎರಡೂ ಅಂಗೈಗೆ ರಸ ಬಳಿದುಕೊಂಡೆ, ಬೋಗುಣಿಯಲ್ಲಿ ಮುಳುಗಿಸಿ ತಿಕ್ಕಿದೆ. ಅವ್ವನ ಸಲ ಎಷ್ಟು ಹಳದಿಯಾಗಿತ್ತೋ ಅಷ್ಟೇ ಹಳದಿಯಾಯಿತು ನೀರು.

"ನೋಡಪ್ಪಾ! ನನಗ ಕಾಮಣಿ ಇಲ್ಲ. ನನ್ನ ಕಣ್ಣು ಬೆಳ್ಳಗ ಅದಾವ. ಸೊನ್ನಿ ನೋಡಬೇಕು ಅಂತೀಯಲ್ಲ, ನೋಡು!"

ಅಪ್ಪ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ನನ್ನ ರೆಪ್ಪೆ ಎಳೆದು ನೋಡಿದ, ನೀರು ನೋಡಿದ. ಹಬೆಯ ಮೀಟರು ನೋಡುವಾಗ ಹೇಗಿರುತ್ತಿದ್ದನೋ ಹಾಗಿತ್ತು ಅವನ ಮುಖ. ಆಯಿ ಬಟ್ಟಲಲ್ಲಿ ಉಳಿದಿದ್ದ ರಸವನ್ನು ತನ್ನ ಅಂಗೈಗೆ ಹಚ್ಚಿಕೊಂಡಳು, ಬೇರೆ ತಂಬಿಗೆಯಲ್ಲಿ ಸುಣ್ಣದ ತಿಳಿ ಸುರಿದುಕೊಂಡಳು, ಕೈ ಅದ್ದಿದಳು. ಇಷ್ಟು ವರ್ಷ ಎಷ್ಟೋ ಮಂದಿಯ ಕೈ ತೊಳೆಸಿದವಳು ತನ್ನ ಕೈಯನ್ನು ಒಮ್ಮೆಯೂ ಅದ್ದಿ ನೋಡಿರಲಿಲ್ಲ. ರೋಗ ಇಲ್ಲದ ಕೈಯನ್ನು ಯಾಕಾದರೂ ಅದ್ದಬೇಕು? ತಂಬಿಗೆಯೊಳಗಿನ ನೀರೂ ಹಳದಿಯಾಯಿತು.

"ಕರಕೊಂಡು ಹೋಗು" ಎಂದಳು. "ಲಗೂನ ಹೋಗು."

ಆಟೋದಲ್ಲಿ ಅವ್ವನ ತಲೆ ಖಾಲಾಳ ತೊಡೆಯ ಮೇಲಿತ್ತು. ದೊಡ್ಡ ದವಾಖಾನೆಯಲ್ಲಿ ಅವ್ವನನ್ನು ಒಳಗೆ ಒಯ್ದರು. ಆ ದಿನವೇ ಮಗು ಹೋಯಿತು. ಗಂಡು. ಅವ್ವ ಹದಿನೆಂಟು ದಿನ ಅಲ್ಲಿದ್ದಳು. ಮೊದಲ ನಾಲ್ಕು ದಿನ ಉಳಿಯುತ್ತಾಳೋ ಇಲ್ಲವೋ ಹೇಳಲಾಗದು ಎಂದರು, ಐದನೆಯ ದಿನ ಅವಳು ನನ್ನ ಹೆಸರು ಹಿಡಿದು ಕೂಗಿದಳು. ಆಯಿ ಮೊದಲು ಗೇಟಿನ ಹೊರಗೇ ಬೇವಿನ ಮರದ ಕೆಳಗೆ ಕೂರುತ್ತಿದ್ದಳು, ಒಳಗೆ ಕಾಲಿಡಲೊಲ್ಲಳು. ಅವ್ವ ಮಾತಾಡಿದಳೆಂದು ತಿಳಿದ ದಿನ ಗಂಜಿ ಹಿಡಿದುಕೊಂಡು ಒಳಗೆ ಬಂದಳು. ಅಲ್ಲೊಬ್ಬ ನರ್ಸಮ್ಮ ಇದ್ದಳು, ಮಲಯಾಳಿಯೋ ಏನೋ, ಕನ್ನಡ ಅಷ್ಟಕ್ಕಷ್ಟೆ. ಅವಳು ಆಯಿಯನ್ನು ನೋಡಿ, ಒಂದು ಸ್ಟೂಲು ಎಳೆದು ಅವ್ವನ ಮಂಚದ ಪಕ್ಕ ಹಾಕಿ, "ಕೂತ್ಕೊಳ್ಳಿ ಅಜ್ಜಿ" ಎಂದಳು. ಆಯಿ ಕೂತಳು. ಮನೆಗೆ ಬಂದ ಮೇಲೆ ಆ ಸ್ಟೂಲಿನ ಸುದ್ದಿಯನ್ನು ಓಣಿಗೆಲ್ಲ ಹೇಳಿದಳು. ಮಗುವಿನ ಮಾತು ಮಾತ್ರ ಯಾರ ಮುಂದೆಯೂ ತೆಗೆಯಲಿಲ್ಲ.

ಅವ್ವ ಮನೆಗೆ ಬಂದಳು. ಮಾತಾಡಿಸಲು ಬಂದ ಮಂದಿಯೆಲ್ಲ ಒಂದೇ ಮಾತು. "ಯಂಕಮ್ಮನ ಔಷಧ ಒಳಗಿಂದೊಳಗಽ ಕೆಲಸ ಮಾಡ್ಯಾದ ನೋಡ್ರಿ. ದವಾಖಾನ್ಯಾಗ ಏನು, ಬರೇ ನೀರು ಏರಿಸ್ಯಾರ." ನನಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು. ಆಯಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಉಣ್ಣುವುದನ್ನೇ ಬಿಟ್ಟಿದ್ದಳು. ಒಂದು ದಿನ ಅವ್ವ ಸೆರಗಿನ ಗಂಟು ಬಿಚ್ಚಿ ಹಳದಿ ದಾರ ತೆಗೆದಳು. ದವಾಖಾನೆಯಲ್ಲಿ ಸಲೈನ್ ಹಾಕಲು ನರ್ಸು ಕತ್ತರಿಸಿದ್ದ ದಾರ. ಎಲ್ಲರ ಎದುರಿಗೆ, ಗೋಡೆ ಹಿಡಿದು ನಡೆಯುತ್ತ ಹೋಗಿ, ಅದನ್ನು ಕಿಟಕಿಯ ನಡುವಿನ ಸರಳಿಗೆ ಕಟ್ಟಿದಳು.

"ಅವ್ವಾ, ಸುಳ್ಳ್ಯಾಕ ಕಟ್ತೀ?" ಎಂದು ನಾನು ಕೂಗಿದೆ.

"ಸುಮ್ಮನಿರು ನಾಗಿ. ನಿನಗ ತಿಳಿಯಂಗಿಲ್ಲ."

ಆ ರಾತ್ರಿ ಆಯಿ ಉಂಡಳು. ನಾನು ಅವ್ವನ ಜೊತೆ ಮಾತು ಬಿಟ್ಟೆ. ತಮ್ಮನನ್ನು ಕೊಂದ ಔಷಧಕ್ಕೆ ಇವಳೇ ಸಾಕ್ಷಿ ಹೇಳಿದಳಲ್ಲ ಎಂದು ನನಗೆ ಹೊಟ್ಟೆಯಲ್ಲಿ ಬೆಂಕಿ. ಮುದುಕಿಯೊಬ್ಬಳು ತನ್ನ ಕೈಯಾರೆ ಎರಡನೆಯ ಮಗುವನ್ನು ಕಳೆದುಕೊಂಡೆನೆಂದು ಕೊರಗಿ ಸಾಯಬಾರದೆಂದು ಅವ್ವ ಹಾಗೆ ಮಾಡಿದಳೆಂದು ತಿಳಿಯಲು ನನಗೆ ನನ್ನದೇ ಸಂಸಾರ ಬೇಕಾಯಿತು.

ಮುಂದಿನ ಐತ್ವಾರ ಬಂತು. ಬೋಗುಣಿಯನ್ನು ಆಯಿ ಹೊರಗೆ ತೆಗೆಯಲಿಲ್ಲ, ಆದರೆ ಔಷಧ ಅರೆದಿದ್ದಳು. ಬಂದ ಮಂದಿಯನ್ನು ಹೇಗೆ ಹಿಂದಕ್ಕೆ ಕಳಿಸುವುದೆಂದು ಅವಳಿಗೆ ತಿಳಿಯದೆ ಹೋಗಿತ್ತು. ಮೊದಲು ಬಂದವರು ಯಾಪಲದಿನ್ನಿಯ ಅತ್ತೆ ಸೊಸೆ. ಸೊಸೆಯ ಹೆಸರು ಹುಲಿಗೆಮ್ಮ, ಇನ್ನೂ ಹುಡುಗಿ. ಹಳದಿ ಕಣ್ಣು, ತುಂಬಿದ ಹೊಟ್ಟೆ. ಅತ್ತೆ ಕಿಟಕಿಯ ನಡುವಿನ ಸರಳಿಗೆ ಬೆರಳು ತೋರಿಸಿದಳು.

"ಅದಽ ಅಲ್ರಿ ನಿಮ್ಮ ಸೊಸಿ ದಾರ? ಬಸುರಾಗ ಕಾಮಣಿ ಬಂದು ಇಳೀತಂತ. ಆ ಸುದ್ದಿ ಕೇಳೇ ಬಂದೀವ್ರಿ. ನಮ್ಮಾಕಿಗೂ ಏಳರಾಗ ನಡದದ."

ಔಷಧದ ಲೋಟ ಹಿಡಿದಿದ್ದ ಆಯಿಯ ಕೈ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಹೊರಗೆ ಬಂದಳು. ಕಿಟಕಿಗೆ ಹೋಗಿ, ಎಲ್ಲರ ಎದುರಿಗೆ, ತನ್ನ ದಾರ ಬಿಚ್ಚಿದಳು. ಗಂಟು ಬಿಡಲೊಲ್ಲದು, ಹಲ್ಲು ಹಚ್ಚಿ ಎಳೆದಳು.

"ನನಗ ಇಳಿಸಿದ್ದು ದವಾಖಾನಿರಿ. ಎರಡು ಐತ್ವಾರ ಇಲ್ಲಿ ಕುಡದೆ. ಕಡಿಗಿ ಹೆತ್ತ ಮಗಳ ಗುರ್ತು ಸಿಗಲಿಲ್ಲ ನನಗ. ಕೂಸು ಹೋತು. ಈಗಽ ಒಯ್ರಿ ನಿಮ್ಮಾಕಿನ್ನ, ಕೈ ಮುಗೀತೀನಿ."

ಆ ಅತ್ತೆ ಸೆರಗು ಕೊಡವಿಕೊಂಡು ಎದ್ದಳು. ಅವಳ ಮುಖ ಅವಮಾನದಿಂದ ಕೆಂಪಾಗಿತ್ತು.

"ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ. ಇಂಥ ಸುಳ್ಳ್ಯಾಕ ಹೇಳ್ತೀರಿ? ನಿಮ್ಮ ಸೊಸಿಗಿ ಇಳಿಸ್ಕೊಂಡು, ನಮ್ಮ ಸೊಸಿಗಿ ದವಾಖಾನಿ ಹಾದಿ ತೋರಸ್ತೀರೇನು? ನಡೀ ಹುಲಿಗಿ, ಔಷಧ ಕೊಡೋರು ಊರಾಗ ಇವರೊಬ್ಬರಽ ಅಲ್ಲ."

ಕೂತ ಮಂದಿಯೂ ಅವಳ ಪರವಾಗಿಯೇ ಗುಸುಗುಟ್ಟಿದರು. ಅವ್ವ ಕಟ್ಟಿದ ಸುಳ್ಳು ದಾರವನ್ನು ನಂಬಿದವರು ಅವಳ ಖರೆ ಮಾತನ್ನು ನಂಬಲಿಲ್ಲ. ಸತ್ಯ ಹೇಳಿಬಿಟ್ಟರೆ ಸಾಕು, ಕೇಳಿದವರು ಬದಲಾಗುತ್ತಾರೆ ಎಂದು ನಾನು ಆ ತನಕ ತಿಳಿದಿದ್ದೆ. ಬೋಗುಣಿಯ ಮುಂದೆ ಅಪ್ಪ ಕೂತಂತೆ ಎಲ್ಲರೂ ಕೂತು ನೋಡುತ್ತಾರೆ ಎಂದುಕೊಂಡಿದ್ದೆ. ಹುಲಿಗೆಮ್ಮ ಹೊಸ್ತಿಲು ದಾಟುತ್ತಿದ್ದಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ತಡಿರಿ" ಎಂದಳು ಆಯಿ.

ಲೋಟವನ್ನು ಕೆಳಗಿಟ್ಟು ಎದ್ದಳು. ಉಂಡೆಯಿಂದ ಒಂದು ಗೇಣು ಹಳದಿ ದಾರ ಹರಿದು ಹುಲಿಗೆಮ್ಮನ ಬಲಗೈಗೆ ಕಟ್ಟಿದಳು.

"ದಾರ ನಂದು. ಔಷಧ ದವಾಖಾನಿದು. ಸೂಜಿ ಮಾಡಿಸಿದ್ರೂ ಈ ದಾರ ಬಿಚ್ಚಂಗಿಲ್ಲ, ತಿಳೀತಾ? ನಾನೂ ಬರ್ತೀನಿ, ನಡೀರಿ. ಅಲ್ಲಿ ನಮ್ಮ ಗುರ್ತಿನಾಕಿ ಒಬ್ಬಾಕಿ ನರ್ಸಮ್ಮ ಅದಾಳ. ಕುಂದ್ರಾಕ ಸ್ಟೂಲ್ ಕೊಡ್ತಾಳ."

ಆ ಅತ್ತೆ ದಾರ ನೋಡಿದಳು, ಆಯಿಯ ಮುಖ ನೋಡಿದಳು. "ನೀವು ಬರ್ತೀರೇನ್ರಿ?" ಎಂದು ಎರಡು ಸಲ ಕೇಳಿದಳು. ಆಯಿ ಮೂಲೆಯಿಂದ ಚಪ್ಪಲಿ ತೆಗೆದು ಮೆಟ್ಟಿದಳು. ಮೂವರೂ ಓಣಿಯ ತಿರುವು ದಾಟುವ ತನಕ ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಬಂದರೆ ಅವ್ವ ತನ್ನ ದಾರವನ್ನು ಒಲೆಗೆ ಹಾಕಿದ್ದಳು. ಅರೆದ ಔಷಧ ಅಂದು ಆಡಿನ ಪಾಲಾಯಿತು. ಆಡಿಗೆ ಏನೂ ಆಗಲಿಲ್ಲ.

ಆಯಿ ಅಂದು ದವಾಖಾನೆಯಲ್ಲಿ ಸಂಜೆಯ ತನಕ ಇದ್ದಳಂತೆ. ಆಮೇಲಿನ ಐತ್ವಾರಗಳಲ್ಲೂ ನಮ್ಮ ಬಾಗಿಲ ಮುಂದೆ ಮಂದಿ ಕೂರುವುದು ನಿಲ್ಲಲಿಲ್ಲ. ಅಂಬಲಿ ಇತ್ತು, ವಿಚಾರಣೆ ಇತ್ತು, ದಾರ ಇತ್ತು. ಬೋಗುಣಿ ಮಾತ್ರ ಆಡಿಗೆ ನೀರಿಡಲು ಹೋಯಿತು. ಬಸುರಿ ಬಂದರೆ, ಎಚ್ಚರ ತಪ್ಪುವವರು ಬಂದರೆ, ಆಯಿ ಚಪ್ಪಲಿ ಮೆಟ್ಟುತ್ತಿದ್ದಳು. 'ನಾನು ತಪ್ಪಿದೆ' ಎಂದು ಸಾಯುವ ತನಕ ಬಾಯಿ ಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಹುಲಿಗೆಮ್ಮ ಬಂದಳು. ಕಂಕುಳಲ್ಲಿ ಮಗು, ಬಲಗೈಯಲ್ಲಿ ಮಾಸಿದ ದಾರ. ಹಿಂದೆ ಅವಳ ಅತ್ತೆ ಕಾಯಿ, ಸಕ್ಕರೆ ಹಿಡಿದು ನಿಂತಿದ್ದಳು. "ಎಲ್ಲ ನಿಮ್ಮ ದಾರದ್ದಽ ಪುಣ್ಯರಿ ಯಂಕಮ್ಮಾರ" ಎಂದು ಆ ಅತ್ತೆ ಆಯಿಯ ಕಾಲಿಗೆ ಬಿದ್ದಳು. ನನಗೆ ಮತ್ತೆ ಹಣೆ ಚಚ್ಚಿಕೊಳ್ಳುವಂತಾಯಿತು. ಹದಿನೈದು ದಿನ ದವಾಖಾನೆಯಲ್ಲಿದ್ದು ಬಂದವರು! ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಲಿಗೆಮ್ಮ ಮಗುವನ್ನು ಅವ್ವನ ಮಡಿಲಿಗೆ ಹಾಕಿದಳು.

ಅವ್ವ ಮೊದಲು ಮಗುವನ್ನು ಮುಟ್ಟಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಅದರ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಳು. ಒಂದು ಕಣ್ಣು, ಆಮೇಲೆ ಇನ್ನೊಂದು.

"ಬೆಳ್ಳಗ ಅದಾವ್ರಿ ಅತ್ತಿ" ಎಂದಳು ಆಯಿಗೆ. ಮಗು ಹೋದ ಮೇಲೆ ಅಲ್ಲಿಯ ತನಕ ಒಂದು ಹನಿ ಕಣ್ಣೀರು ಹಾಕದಿದ್ದವಳು, ಆ ಮಗುವನ್ನು ಎದೆಗೆ ಒತ್ತಿಕೊಂಡು ದೊಡ್ಡ ದನಿ ತೆಗೆದು ಅತ್ತಳು. ಆಯಿ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು. ಅವಳೂ ಅತ್ತಳು.

ಹುಲಿಗೆಮ್ಮ ದಾರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಅವ್ವನ ಕಡೆ ನೋಡಿದೆ.

"ಕಟ್ಟು" ಎಂದಳು ಅವ್ವ.

ನಾನು ಕಿಟಕಿಯ ಹತ್ತಿರ ಹೋದೆ. ನಡುವಿನ ಸರಳಿನಲ್ಲಿ ಅವ್ವ ಬಿಚ್ಚಿದ ಜಾಗ ಇನ್ನೂ ಖಾಲಿ ಇತ್ತು. ಅಲ್ಲಿಯೇ ಕಟ್ಟಿದೆ.